ಓಣಿಗೆ ಗೊತ್ತಾಗದಂತೆ ಕರೆತರುವುದು

ನಾನೀಗಿರುವ ಅಮೆರಿಕದ ಲೂಯಿಸಿಯಾನ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ, ಎಚ್‌ಐವಿ ಚಿಕಿತ್ಸೆ ಬಿಟ್ಟವರನ್ನು ಮತ್ತೆ ಕರೆತರಲು 2009ರಲ್ಲಿ ಶುರುವಾದ ಒಂದು ಏರ್ಪಾಟಿನ ಬಗ್ಗೆ ಓದಿದಾಗ ಕಣ್ಣ ಮುಂದೆ ಬಂದದ್ದು ಬಾಗಲಕೋಟೆ ಕಡೆಯ ನಮ್ಮೂರಿನ ಓಣಿ.

ಎಚ್‌ಐವಿ ಇರುವವರ ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ), ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಪರೀಕ್ಷೆಗಳ ಫಲಿತಾಂಶಗಳನ್ನು ಲ್ಯಾಬ್‌ಗಳು ಇಲ್ಲಿನ ಆರೋಗ್ಯ ಇಲಾಖೆಗೆ ಕಳಿಸಲೇಬೇಕು. ವರ್ಷಕ್ಕೂ ಮಿಕ್ಕಿ ಯಾರ ಫಲಿತಾಂಶ ಬಂದಿಲ್ಲವೋ ಅವರು ಚಿಕಿತ್ಸೆ ಬಿಟ್ಟಿರಬಹುದು. ಅಂಥವರು ಜ್ವರವೆಂದೋ ಕಾಲು ಉಳುಕಿತೆಂದೋ ಆಸ್ಪತ್ರೆಗೆ ಬಂದರೆ, ನೋಡುವ ಡಾಕ್ಟರ ಕಂಪ್ಯೂಟರಿನಲ್ಲಿ ಸೂಚನೆ ಮೂಡುವಂತೆ ಮಾಡಿದರು. ಮುಂದಿನ ಮಾತು ಅವರಿಬ್ಬರ ನಡುವೆ. ಮೊದಲೆರಡು ವರ್ಷಗಳಲ್ಲಿ ಹೀಗೆ ಗುರುತಾದ 345 ಮಂದಿಯಲ್ಲಿ ಶೇಕಡ 82ರಷ್ಟು ಜನ ಆಮೇಲೆ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡರು.

ನಾನು ಕಾಲೇಜಿನಲ್ಲಿದ್ದಾಗ ನಮ್ಮ ಓಣಿಯ ಅಕ್ಕ ಒಬ್ಬರು ಎರಡು ತಿಂಗಳು ಎಚ್‌ಐವಿ ಗುಳಿಗೆಗೆ ಹೋಗಿರಲಿಲ್ಲ. ಚಿಕಿತ್ಸಾ ಕೇಂದ್ರದಿಂದ ಹುಡುಕಿಕೊಂಡು ಬಂದವರು ಕಿರಾಣಿ ಅಂಗಡಿಯಲ್ಲಿ ನಿಂತು, "ಇವರ ಮನಿ ಯಾವುದ್ರೀ? ಗುಳಿಗಿ ಒಯ್ಯಾಕ ಬಂದಿಲ್ಲ" ಎಂದು ಕೇಳಿದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಆ ವರ್ಷ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದ ಅಕ್ಕ ತಿರುಗಿ ಬರಲಿಲ್ಲ. ಬಂದವರು ಕಾಳಜಿಯಿಂದಲೇ ಬಂದಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ.

ಹಾಗೆಂದು ನಮ್ಮ ಪದ್ಧತಿಯನ್ನು ನಾನು ಕೀಳೆನ್ನಲಾರೆ. ಎಆರ್‌ಟಿ ಕೇಂದ್ರದಲ್ಲಿ (ಎಚ್‌ಐವಿ ಗುಳಿಗೆ ಕೊಡುವ ಕೇಂದ್ರ) ಗುಳಿಗೆಯ ತಾರೀಖು ತಪ್ಪಿದರೆ ಆಪ್ತಸಮಾಲೋಚಕರಿಗೆ ಬೇಗ ತಿಳಿಯುತ್ತದೆ, ಫೋನ್ ಮಾಡುತ್ತಾರೆ. ಇಲ್ಲಿ ವರ್ಷಕ್ಕೂ ಮಿಕ್ಕಿ ಕಾದರು. ಗುಳಿಗೆ ಬಿಟ್ಟ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಏರುವಾಗ ಅದು ಬಹಳ ದೀರ್ಘ ಕಾಲ. ಇನ್ನೊಂದು ಮಾತು: ಬೇಕೆಂದೇ ಎಚ್‌ಐವಿ ಹರಡುವ ಅಪಾಯವೊಡ್ಡಿದರೆ ಜೈಲಿಗೆ ಹಾಕುವ ಕಾನೂನು ಲೂಯಿಸಿಯಾನದಲ್ಲಿದೆ. ಸರ್ಕಾರದ ಕೈಯಲ್ಲಿರುವ ಪಟ್ಟಿ ನಾಳೆ ಯಾರ ಕೈಗೆ ಹೋದೀತು ಎಂದು ಇಲ್ಲಿಯವರು ಹೆದರಿದರೆ ತಪ್ಪೇನು?

ನಮ್ಮಲ್ಲಿ 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಗುಟ್ಟು ಕಾಯುವುದು ಈಗ ಬರೀ ಸೌಜನ್ಯವಲ್ಲ, ಕಾನೂನು. ಕಂಪ್ಯೂಟರು ಯಾರು ತಪ್ಪಿಹೋದರೆಂದು ಹೇಳಬಲ್ಲದು. ಅವರನ್ನು ಎಲ್ಲಿ, ಹೇಗೆ ಮಾತಾಡಿಸಬೇಕೆಂದು ಅವರೇ ಹೇಳಬೇಕು. ಹೆಸರು ಬರೆಸಿಕೊಳ್ಳುವ ಮೊದಲ ದಿನವೇ ಅದನ್ನು ಕೇಳಿ ಬರೆದಿಡಬೇಕೆಂಬುದು ನನ್ನ ಒತ್ತಾಯ: ನೀವು ಬಾರದಿದ್ದರೆ ಯಾವ ನಂಬರಿಗೆ ಫೋನ್ ಮಾಡೋಣ, ಯಾರೆಂದು ಹೇಳಿಕೊಳ್ಳೋಣ, ಮನೆಗೆ ಬರಬಹುದೇ? ಆ ಅಕ್ಕನನ್ನು ಹೀಗೆ ಕೇಳಿದ್ದರೆ, "ಮನಿಗೆ ಬರಬ್ಯಾಡ್ರಿ, ವಾರಾ ಸಂತಿಗೆ ಬರ್ತೀನಿ, ಅಲ್ಲೇ ಸಿಗ್ರಿ" ಎನ್ನುತ್ತಿದ್ದರೇನೋ.