ಬಿಲ್ಲಿಗೆ ಡೆಂಗಿ, ಸರ್ಕಾರಕ್ಕೆ ಡೌಟು

ನಮ್ಮ ಕದ್ರಿ ಸೈಡಿನ ಬ್ಯಾಂಕ್ ಮಾಮನಿಗೆ ರಿಟೈರ್ ಆದ್ಮೇಲೆ ಒಂದೇ ಕೆಲ್ಸ, ಗೆಜೆಟ್ ಓದಿ ಆಕ್ಷೇಪಣೆ ಬರೆಯುದು. ಮಂಗ್ಳೂರಲ್ಲಿ ರಿಟೈರ್ಡ್ ಬ್ಯಾಂಕಿನವ್ರಿಗೆ ಬರಗಾಲ ಇಲ್ಲ, ಬೀದಿಗೆ ನಾಲ್ಕು ಜನ ಸಿಗ್ತಾರೆ, ಆದ್ರೆ ಕರಡು ನಿಯಮ ಬಂತು ಅಂದ್ರೆ ಭೂತದ ನೇಮದ ಕಾಗದ ಬಂದ ಹಾಗೆ ಎದ್ದು ರೆಡಿಯಾಗುವವ್ರು ಇವ್ರೊಬ್ರೇ. ಈ ಸಲದ ಕರಡಲ್ಲಿ ಆಸ್ಪತ್ರೆಗಳು ಸರ್ಕಾರಕ್ಕೆ ಎಂತೆಂತ ಲೆಕ್ಕ ಕೊಡ್ಬೇಕು ಅಂತ ಆರು ಪುಟ, ಕೊನೆಗೆ "ಸಾರ್ವಜನಿಕರು ಸಲಹೆ, ಆಕ್ಷೇಪಣೆಗಳಿದ್ದಲ್ಲಿ ಸಲ್ಲಿಸತಕ್ಕದ್ದು" ಅಂತ ಒಂದು ಸಾಲು. ಸಾರ್ವಜನಿಕರು ಅಂದ್ರೆ ಯಾರು ಮಾಮ ಅಂತ ಕೇಳಿದೆ. ಅವ್ರು ತನ್ನ ಎದೆ ಮುಟ್ಟಿ ತೋರಿಸಿದ್ರು.

ಪಿಡಿಎಫ್ ಯಾವಾಗ್ಲೂ ಅಡ್ಡ ಸ್ಕ್ಯಾನ್ ಆಗಿರ್ತದೆ. ತಲೆ ವಾಲಿಸಿ ಓದಿ ಓದಿ ಮಾಮನಿಗೆ ಕುತ್ತಿಗೆ ನೋವು ಶುರುವಾಗಿ ಈಗ ಫಿಸಿಯೋಥೆರಪಿ, ಅಲ್ಲಿ ಕೌಂಟರಿನವ್ರು ಅವರದ್ದೇ ಡೇಟಾ ತೆಗೀತಾರೆ, ಫೋನ್ ನಂಬರು, ಓಟಿಪಿ, ಸರ್ಕಾರದ ಆರೋಗ್ಯ ಖಾತೆಯ 14 ಅಂಕೆಯ ಆಭಾ ನಂಬರು ಉಂಟಾ ಅಂತ.

ಡೆಲ್ಲಿಯವ್ರದ್ದು ಇನ್ನೂ ಗಮ್ಮತ್ತು. 2020ರ ಆಗಸ್ಟ್ 26ಕ್ಕೆ ಇಡೀ ದೇಶದ ಆರೋಗ್ಯ ಡೇಟಾ ಹೇಗೆ ಇಟ್ಕೊಳ್ಳುದು ಅನ್ನುವ ಕರಡು ನೀತಿ ಬಿಟ್ರು, ಅಭಿಪ್ರಾಯ ಹೇಳ್ಲಿಕ್ಕೆ ಮೊದ್ಲು ಕೊಟ್ಟದ್ದು ಸೆಪ್ಟೆಂಬರ್ 3ರವರೆಗೆ, ಅದೂ ಕೊರೋನಾ ಟೈಮಲ್ಲಿ, ಜನ ಆಕ್ಸಿಮೀಟರ್ ಹುಡುಕ್ತಾ ಇದ್ದಾಗ. ನಮ್ಮಲ್ಲಿ ಮದುವೆ ಊಟಕ್ಕೆ ಕೋರಿ ಗಸಿಯಾ ಸುಕ್ಕವಾ ಅಂತ ತೀರ್ಮಾನ ಮಾಡ್ಲಿಕ್ಕೇ ಅದಕ್ಕಿಂತ ಜಾಸ್ತಿ ದಿನ ಬೇಕು ಮಾರಾಯ್ರೆ. ಬೊಬ್ಬೆ ಹೊಡೆದ ಮೇಲೆ ತಾರೀಕು ಮುಂದೆ ಹಾಕಿದ್ರು. ಆಮೇಲೆ 2025ರ ಜನವರಿಯಲ್ಲಿ ಜನರ ಖಾಸಗಿ ಮಾಹಿತಿ ಕಾಪಾಡುವ ಡೇಟಾ ಕಾಯ್ದೆಯ ಕರಡು ನಿಯಮ ಬಂತು, ಆಗ ಟೈಮ್ ಕೊಟ್ರು, ಆದ್ರೆ ಬಂದ ಅಭಿಪ್ರಾಯ ಯಾರಿಗೂ ತೋರಿಸುದಿಲ್ಲ, ಗೌಪ್ಯ ಅಂತ ಮೊದ್ಲೇ ಹೇಳಿದ್ರು. ನಮ್ಮ ಡೇಟಾ ಗುಟ್ಟಾಗಿ ಉಳೀತದೋ ಇಲ್ವೋ, ಆ ಬಗ್ಗೆ ನಾವು ಕೊಟ್ಟ ಅಭಿಪ್ರಾಯ ಮಾತ್ರ ಪಕ್ಕಾ ಗುಟ್ಟು.

ರಾಜ್ಯದವ್ರನ್ನೂ ಬಿಡ್ಲಿಕ್ಕಾಗುದಿಲ್ಲ. 2024ರ ಫೆಬ್ರವರಿಯಲ್ಲಿ ಹಾವು ಕಚ್ಚಿದ ಕೇಸೆಲ್ಲ ಆಸ್ಪತ್ರೆಗಳು ರಿಪೋರ್ಟ್ ಮಾಡ್ಲೇಬೇಕು ಅಂತ ಮಾಡಿದ್ರು. ಒಳ್ಳೇದೇ, ನನಗೆ ತಕರಾರಿಲ್ಲ. ಆದ್ರೆ ನಮ್ಮ ಕಡೆ ಹಾವು ಕಚ್ಚಿದ್ರೆ ಮೊದ್ಲು ಊರ ಮದ್ದು, ಆಮೇಲೆ ಜ್ಯೋತಿಷ್ಯದವ್ರ ಹತ್ರ ಪ್ರಶ್ನೆ, ಆಮೇಲೆ ನಾಗನಿಗೆ ತಂಬಿಲದ ಪೂಜೆ, ಆಸ್ಪತ್ರೆ ಎಲ್ಲ ಮುಗಿದ ಮೇಲೆ. ನಿಜವಾದ ಲೆಕ್ಕ ಬೇಕಿದ್ರೆ ಭಟ್ರ ಡೈರಿ ನೋಡ್ಬೇಕು, ಅವ್ರಿಗೆ ಫಾರ್ಮೇ ಕೊಟ್ಟಿಲ್ಲ.

ಈಗ ನನ್ನ ಕತೆ. ಕಳೆದ ಮಳೆಗಾಲ ಜ್ವರ ಬಂತು, ಬಲ್ಮಠ ಕಡೆಯ ಒಂದು ಆಸ್ಪತ್ರೆಗೆ ಹೋದೆ, ಹೆಸರು ಬೇಡ. ಕಾರ್ಡ್ ಟೆಸ್ಟಲ್ಲಿ ಎರಡು ಗೆರೆ, ಡೆಂಗಿ ಅಂದ್ರು, ಅಡ್ಮಿಟ್, ನಾಲ್ಕು ದಿನ, ಬಿಲ್ಲಲ್ಲೂ ದಪ್ಪಕ್ಷರದಲ್ಲಿ ಡೆಂಗಿ. ಮನೆಗೆ ಬಂದ ಮರುದಿನ ಆಶಾ ಕಾರ್ಯಕರ್ತೆ ಅಕ್ಕ ಬಂದು ರಿಜಿಸ್ಟರ್ ತೆಗ್ದು "ಶಂಕಿತ" ಅಂತ ಬರ್ಕೊಂಡ್ರು. ಎಂತ ಶಂಕೆ ಅಕ್ಕ, ಬಿಲ್ ಕಟ್ಟಿ ಆಗಿದೆ ಅಂದೆ. ಸರ್ಕಾರಕ್ಕೆ ಕಾರ್ಡ್ ಟೆಸ್ಟ್ ಲೆಕ್ಕಕ್ಕಿಲ್ಲ, ಎಲೈಸಾ ಅನ್ನುವ ಲ್ಯಾಬ್ ಟೆಸ್ಟ್ ಆದ್ರೆ ಮಾತ್ರ ಖಚಿತ ಅಂತೆ. ಹಾಗೆ ಹೇಳ್ತಾ ಹೇಳ್ತಾ ಅವ್ರು ಬಾವಿಕಟ್ಟೆ ಹತ್ರ ಇದ್ದ ಬಕೆಟ್ ಬಗ್ಗಿ ನೋಡಿದ್ರು, ತೆಂಗಿನ ಚಿಪ್ಪು ಮಗುಚಿ ಹಾಕಿದ್ರು, ಸೊಳ್ಳೆ ಮರಿ ಸಿಕ್ಕಿದ್ರೆ ಪೇಟೆ ಮನೆಗೆ 400 ರೂಪಾಯಿ ದಂಡ ಅಂತ 2024ರ ಸೆಪ್ಟೆಂಬರಿಂದ ರೂಲ್ ಉಂಟು ಅಂದ್ರು. ಅಂದ್ರೆ ಡೆಂಗಿ ಖಚಿತ ಆಗ್ಲಿಕ್ಕೆ ಲ್ಯಾಬ್ ಬೇಕು, ದಂಡ ಖಚಿತ ಆಗ್ಲಿಕ್ಕೆ ಬರಿಗಣ್ಣು ಸಾಕು.

ಪಾಪ ಅವ್ರ ಮೇಲೆ ಸಿಟ್ಟಿಲ್ಲ. ಯಾವ ಮನೇಲಿ ಯಾರಿಗೆ ಜ್ವರ, ಯಾರು ಮಾತ್ರೆ ಬಿಟ್ಟಿದ್ದಾರೆ ಎಲ್ಲ ಬಾಯಿಪಾಠ. ನೆಟ್ ಸಿಗದೆ ನಮ್ಮ ಗೇಟಿನ ಮೇಲೆ ಕೈ ಚಾಚಿ ಫೋನ್ ಎತ್ತಿ ಹಿಡ್ಕೊಂಡು ನಿಂತಿದ್ರು. ಕರಡು ಬಂದಾಗ ಆಕ್ಷೇಪಣೆ ಹಾಕಿದ್ರಾ ಅಕ್ಕ ಅಂತ ಕೇಳಿದ್ದಕ್ಕೆ, ಯಾವ ಕರಡು ಅಂದ್ರು.

ಮಾಮನ ಆಕ್ಷೇಪಣೆ ಎಂತದು ಅಂದ್ರೆ, ಆಸ್ಪತ್ರೆ ನಮ್ಮ ಬಗ್ಗೆ ಸರ್ಕಾರಕ್ಕೆ ಹೇಳುದು ಸರಿ, ತನ್ನ ಬಗ್ಗೆ ನಮಗೂ ಹೇಳ್ಲಿ. ಎಷ್ಟು ಹೆರಿಗೆ, ಅದ್ರಲ್ಲಿ ಎಷ್ಟು ಸಿಸೇರಿಯನ್, ಹೇಳಿದ ರೇಟಿಗೂ ಬಿಲ್ಲಿಗೂ ಎಷ್ಟು ಅಂತರ. ದರಪಟ್ಟಿ ಜನರಿಗೆ ಕಾಣ್ಬೇಕು ಅಂತ ಖಾಸಗಿ ಆಸ್ಪತ್ರೆಗಳಿಗೆ ರಾಜ್ಯ ಮಾಡಿದ 2007ರ ಕೆಪಿಎಂಇ ಕಾಯ್ದೆಯಿಂದಲೇ ಉಂಟು. ನಾನಿದ್ದ ಆಸ್ಪತ್ರೆಯಲ್ಲೂ ಬೋರ್ಡ್ ಇತ್ತು, ಮನಿಪ್ಲಾಂಟ್ ಹಿಂದೆ, ಎಲೆ ಸರಿಸಿದ್ರೆ ಇಸಿಜಿಯ ರೇಟಿನವರೆಗೆ ಓದ್ಬಹುದಿತ್ತು.

ಇದನ್ನೆಲ್ಲ ಮೂರು ಪುಟ ಟೈಪ್ ಮಾಡಿ ಮೇಲ್ ಹಾಕಿದ್ರು, ಮೇಲ್‌ಬಾಕ್ಸ್ ಫುಲ್ ಅಂತ ವಾಪಸ್ ಬಂತು. ಮಾಮನಿಗೆ ಖುಷಿಯೋ ಖುಷಿ, ಅಷ್ಟು ಜನ ಬರ್ದಿದ್ದಾರಲ್ಲ ಅಂತ. ಮತ್ತೆ ಪೋಸ್ಟಾಫೀಸಿಗೆ ಹೋದ್ರೆ ರಿಜಿಸ್ಟರ್ಡ್ ಪೋಸ್ಟೇ ಇಲ್ಲ, ಸ್ಪೀಡ್ ಪೋಸ್ಟಲ್ಲಿ ಸೇರ್ಸಿಯಾಗಿದೆ. ಅದರಲ್ಲೇ ಹಾಕಿದ್ರು. ತಲುಪಿದ ಬಗ್ಗೆ ಒಂದು ಕಾಗದ ಬಂದಿದೆ, ಸಹಿ ಯಾರದ್ದು ಅಂತ ದೇವ್ರಿಗೇ ಗೊತ್ತು, ಮಾಮ ಅದನ್ನ ಹಂಪನಕಟ್ಟೆಯಲ್ಲಿ ಲ್ಯಾಮಿನೇಟ್ ಮಾಡಿಸಿ ಟೀವಿ ಮೇಲೆ ಇಟ್ಟಿದ್ದಾರೆ.