ಬೆಲ್ಜಿಯಂನ ಮೆಟಲ್ ಅಮೆನ್ರಾದಿಂದ ಆರಂಭವಾದದ್ದಲ್ಲ: ಒಂದು ಸ್ಪಷ್ಟನೆ

ಬೆಲ್ಜಿಯಂನ ಮೆಟಲ್ ಸಂಗೀತವನ್ನು (ವಿದ್ಯುತ್ ಗಿಟಾರ್‌ಗಳ ಅಬ್ಬರವಿರುವ ರಾಕ್ ಸಂಗೀತದ ಒಂದು ಬಗೆ) ಹೊಸ ಕೇಳುಗರಿಗೆ ಪರಿಚಯಿಸುವಾಗ, 1999ರಲ್ಲಿ ಕೋರ್ಟ್ರೈಕ್ ನಗರದಲ್ಲಿ ಹುಟ್ಟಿದ ಅಮೆನ್ರಾ ತಂಡದಿಂದಲೇ ಆ ದೇಶದ ಮೆಟಲ್ ಪರಂಪರೆ ಆರಂಭವಾಯಿತು ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಇದು ಸರಿಯಲ್ಲ.

ಅದಕ್ಕೂ ಸುಮಾರು ಎರಡು ದಶಕ ಮೊದಲೇ, ಅಂದರೆ 1980ರಲ್ಲಿ, ಬ್ರೂಜ್‌ನಲ್ಲಿ ಆ್ಯಸಿಡ್, ಘೆಂಟ್‌ನಲ್ಲಿ ಆಸ್ಟ್ರೊಗಾತ್ ತಂಡಗಳು ರೂಪುಗೊಂಡಿದ್ದವು. ಮೆಟಲ್ ತಂಡಗಳ ಮುಂಚೂಣಿಯಲ್ಲಿ ಗಾಯಕಿಯರು ಅಪರೂಪವಾಗಿದ್ದ ಆ ದಿನಗಳಲ್ಲಿ ಕೇಟ್ ಎಂಬ ಗಾಯಕಿ ಆ್ಯಸಿಡ್ ತಂಡವನ್ನು ಮುನ್ನಡೆಸಿದರು. ತಂಡದ ಹೆಸರನ್ನೇ ಹೊತ್ತು 1983ರಲ್ಲಿ ಬಂದ ಅದರ ಮೊದಲ ಆಲ್ಬಮ್‌ನ ವೇಗ ಮತ್ತು ಒರಟುತನ ಇಂದಿಗೂ ಮಾಸಿಲ್ಲವಾದ್ದರಿಂದ, ಹೊಸಬರು ಅಲ್ಲಿಂದಲೇ ಕೇಳಲು ತೊಡಗುವುದು ಒಳ್ಳೆಯದೆಂದು ನಾನು ದೃಢವಾಗಿ ನಂಬುತ್ತೇನೆ. ತೊಂಬತ್ತರ ದಶಕದಲ್ಲಿ ಬ್ರಸೆಲ್ಸ್‌ನ ಚಾನೆಲ್ ಝೀರೋ ತಂಡ ಹೆಸರು ಮಾಡಿತು; ಘರ್ಜನೆಯಂಥ ಗಾಯನದ ಉಗ್ರ ಬಗೆಯಾದ ಡೆತ್ ಮೆಟಲ್ ನುಡಿಸುವ ಅಬಾರ್ಟೆಡ್ ತಂಡ 1995ರಲ್ಲಿ ಹುಟ್ಟಿತು.

ಅಮೆನ್ರಾ ಇಂಗ್ಲಿಷಿನಲ್ಲಿ ಮಾತ್ರ ಹಾಡುತ್ತದೆ ಎಂಬುದೂ ತಪ್ಪು. 2021ರ 'ಡೆ ಡೋರ್ನ್' ಆಲ್ಬಮ್ಮನ್ನು ಆ ತಂಡ ತನ್ನ ನೆಲದ ಡಚ್ ಭಾಷೆಯಲ್ಲೇ ಹಾಡಿದೆ. ಅಮೆನ್ರಾದ ಹಿರಿಮೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಅದಕ್ಕೂ ಮುಂಚೆ ದಾರಿ ಮಾಡಿಕೊಟ್ಟವರನ್ನು ಪರಿಚಯದಿಂದ ಕೈಬಿಡುವುದು ನ್ಯಾಯವಲ್ಲ.