ಶ್ರಾವಣ ಶನಿವಾರದ ಚಕ್ಕೆ ವಾಸನೆ

ನಮ್ಮ ಹಾಸನದ ಕಡೆ ಚಕ್ಕೆಗೂ ಸಿಹಿಗೂ ಮಾತುಕತೆ ಇಲ್ಲ. ಪಾಯಸ, ಹೋಳಿಗೆ, ಕಜ್ಜಾಯ ಎಲ್ಲದಕ್ಕೂ ಏಲಕ್ಕಿ. ಚಕ್ಕೆ ಏನಿದ್ದರೂ ಲವಂಗದ ಜೊತೆ ಬಾಡಿನ ಸಾರಿಗೆ. ಹೆಚ್ಚೆಂದರೆ ಪಲಾವಿಗೆ, ಬಿಸಿಬೇಳೆಬಾತಿಗೆ.

ಹೀಗಿರುವಾಗ ಅಮೆರಿಕದಲ್ಲಿರುವ ಅಕ್ಕನ ಮಗಳು ಫೋನಿನಲ್ಲಿ ಒಂದು ಕುಕೀ ಹೇಳಿಕೊಟ್ಟಳು. ಹೆಸರು ಸ್ನಿಕರ್‌ಡೂಡಲ್. ಅಲ್ಲಿನ ಅಜ್ಜಿಯರ ಕಾಲದ ತಿಂಡಿ. ಬೆಣ್ಣೆ, ಸಕ್ಕರೆ, ಮೈದಾ, ಮೊಟ್ಟೆ ಕಲಸಿ ಉಂಡೆ ಕಟ್ಟಬೇಕು. ಚಕ್ಕೆ ಪುಡಿ ಬೆರೆಸಿದ ಸಕ್ಕರೆಯಲ್ಲಿ ಹೊರಳಿಸಿ, 180 ಡಿಗ್ರಿಯಲ್ಲಿ ಸುಮಾರು 10 ನಿಮಿಷ ಬೇಯಿಸಬೇಕು. "ತುಂಬಾ ಸುಲಭ ಚಿಕ್ಕಮ್ಮ" ಅಂದಳು.

ಸುಲಭ ಅನ್ನುವವರು ಯಾರೂ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಕ್ರೀಮ್ ಆಫ್ ಟಾರ್ಟರ್ ಕೇಳಿರುವುದಿಲ್ಲ. ದ್ರಾಕ್ಷಿ ವೈನ್ ಮಾಡುವಾಗ ಪೀಪಾಯಿಯ ಒಳಗೆ ಕಟ್ಟಿಕೊಳ್ಳುವ ಹುಳಿ ಉಪ್ಪು ಅದು. ಅಡುಗೆ ಸೋಡಾ ಉಬ್ಬಬೇಕಾದರೆ ಹುಳಿ ಬೇಕಲ್ಲ, ಅದಕ್ಕೆ. ಅಂಗಡಿಯವರು "ಕ್ರೀಮು ಮುಖಕ್ಕಾ ಕಾಲಿಗಾ ಅಕ್ಕಾ?" ಅಂತ ಕೇಳಿದರು. ವೈನಿನ ಕಥೆ ಬಿಡಿಸಿ ಹೇಳೋಣ ಅಂದರೆ ಅವತ್ತು ಶ್ರಾವಣ ಶನಿವಾರ, ಅವರ ಹಣೆಯ ಮೇಲೆ ದೊಡ್ಡ ನಾಮ. ಸುಮ್ನೆ ಬಂದೆ. ಬೇರೆ ದಿನ ಮಾಡಬಹುದಿತ್ತಲ್ಲ ಅಂತೀರಾ? ಮಗನಿಗೆ ಅರ್ಧ ದಿನ ಸ್ಕೂಲು ಇರೋದೇ ಅವತ್ತು. ಮೊಟ್ಟೆಯಂತೂ ಹೊಸ್ತಿಲು ದಾಟುವ ಹಾಗಿಲ್ಲ. ಕೊನೆಗೆ ಮೊಟ್ಟೆಯ ಕೆಲಸ, ಟಾರ್ಟರಿನ ಕೆಲಸ ಎರಡನ್ನೂ ಹುಳಿ ಮೊಸರಿಗೇ ವಹಿಸಿದೆ.

"ಬೀದಿ ತುದೀಲೇ ಬೇಕರಿ ಐತೆ. ಬೆಣ್ಣೆ ಬಿಸ್ಕತ್ತು ಕಟ್ಟಿಸ್ಕೊಂಡು ಬರೋದು ಬಿಟ್ಟು ನೀನ್ಯಾಕವ್ವಾ ಕರೆಂಟ್ ಸುಡ್ತೀಯ?" ಅಂದರು ನಮ್ಮತ್ತೆ. ಮಾತಿನಲ್ಲಿ ತಪ್ಪೇನಿಲ್ಲ. ಬೆಂಗಳೂರಿಗೆ ಬನ್ನು ತಿನ್ನಿಸಿದ್ದೇ ನಮ್ಮ ಜಿಲ್ಲೆ. 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದ ತಿರುಮಲಾಚಾರ್ಯರು ಹಾಸನದ ಕಡೆಯವರೇ. ಇವತ್ತಿಗೂ ಎಷ್ಟೋ ಅಯ್ಯಂಗಾರ್ ಬೇಕರಿಗಳ ಬೇರು ಇಲ್ಲಿನ ಹಳ್ಳಿಗಳಲ್ಲಿದೆ. ಇಂಥ ಊರಲ್ಲಿ ಕುಕೀ ಮಾಡಿ ತೋರಿಸುವುದು ಸ್ವಲ್ಪ ಅಧಿಕಪ್ರಸಂಗವೇ.

ಚಕ್ಕೆಯನ್ನು ಮಿಕ್ಸಿಗೆ ಹಾಕಿದೆ. ನಮ್ಮ ಅಂಗಡಿಗಳಲ್ಲಿ ಸಿಗುವ ದಪ್ಪ ತೊಗಟೆ ಹೆಚ್ಚಾಗಿ ಕ್ಯಾಸಿಯಾ. ಸಿಲೋನಿನ ದಾಲ್ಚಿನ್ನಿಯೇ ಬೇರೆ. ತೆಳ್ಳಗೆ, ಬೀಡಿಯ ಹಾಗೆ ಪದರ ಪದರವಾಗಿ ಸುತ್ತಿಕೊಂಡಿರುತ್ತದೆ, ಘಾಟೂ ಕಡಿಮೆ. ಅಮೆರಿಕದವರ ಅಡುಗೆಮನೆಯಲ್ಲೂ ಜಾಸ್ತಿ ಓಡಾಡುವುದು ಕ್ಯಾಸಿಯಾವೇ. ಅಂದರೆ ಅವರ ಅಜ್ಜಿಯ ಕುಕೀಗೂ ನಮ್ಮತ್ತೆಯ ಮಟನ್ ಸಾರಿಗೂ ತೊಗಟೆ ಒಂದೇ. ಇದರಿಂದ ಏನಾಗಬಹುದು ಅಂತ ಅಕ್ಕನ ಮಗಳು ಹೇಳಿರಲಿಲ್ಲ.

ಒಂದು ಫೋನು ಬಂತು ಅಂತ ಹೊರಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಕಣಕ್ಕೆ ಇಳಿದಿದ್ದರು. ಬಾಳು ಪೂರ್ತಿ ನಿಪ್ಪಟ್ಟು ತಟ್ಟಿದ ಕೈ, ಉಂಡೆ ಕಂಡರೆ ಸುಮ್ಮನಿರುತ್ತದಾ? ಎಣ್ಣೆ ಸವರಿದ ಹಾಲಿನ ಕವರಿನ ಮೇಲೆ ಉಂಡೆ ಇಟ್ಟು, ಮೂರು ಬೆರಳಲ್ಲಿ ಒತ್ತುತ್ತಾ ಸುತ್ತಿಸಿ, ಅಂಚಿನ ಬಿರುಕನ್ನು ಹೆಬ್ಬೆರಳಲ್ಲಿ ಮುಚ್ಚಿ, ನಡುವೆ ಫೋರ್ಕಿನಲ್ಲಿ ನಾಲ್ಕು ತೂತು. "ಉಬ್ಬಿದ್ರೆ ಮೆತ್ತಗಾಯ್ತವೆ ಕಣವ್ವಾ." ಉಬ್ಬಿ, ಆಮೇಲೆ ಕುಸಿದು, ಮೈಮೇಲೆ ಬಿರುಕು ಬಿಟ್ಟು, ಒಳಗೆ ಮೆತ್ತಗೆ ಉಳಿಯುವುದೇ ಆ ಕುಕೀಯ ಹೆಚ್ಚುಗಾರಿಕೆ. ಮೊದಲ ಟ್ರೇ ಸಿಹಿ ನಿಪ್ಪಟ್ಟಾಗಿ ಹೊರಬಂತು. ಗರಿಗರಿಯಾಗಿ ಚೆನ್ನಾಗೇ ಇತ್ತು, ಅದೇ ಬೇಜಾರು. ಎರಡನೆಯ ಟ್ರೇಗೆ ನಾನು ಕಾವಲು ನಿಂತೆ.

ಅಷ್ಟರಲ್ಲಿ ವಾಸನೆ ಬೀದಿಗೆ ಬಿದ್ದಿತ್ತು. ಮಳೆ ಹಿಡಿದಿದ್ದ ಮಧ್ಯಾಹ್ನ ಬೇರೆ. ಗಾಳಿಯೂ ಇಲ್ಲ, ಘಮ ಕಾಂಪೌಂಡಿನ ಮೇಲೇ ಕೂತಿತ್ತು. ನಮ್ಮನೆಯವರು ಗೇಟಿನಲ್ಲೇ ನಿಂತು ಮೂಗರಳಿಸಿ, "ಅಮ್ಮ ಒಪ್ಪಿಬಿಟ್ರಾ?" ಅಂತ ಪಿಸುಗುಟ್ಟಿದರು. ತಟ್ಟೆಯಲ್ಲಿ ಬಿಸ್ಕತ್ತು ಕಂಡವರೇ ಮಾತಾಡದೆ ಕೈಕಾಲು ತೊಳೆಯಲು ಹೋದರು. ಪಕ್ಕದ ಮನೆಯವರು ಮಾಡಿನ ಕೆಳಗೆ ನಿಂತು, "ಏನ್ರೀ, ಶ್ರಾವಣ ಶನಿವಾರಾನೂ..." ಅಂತ ಅರ್ಧಕ್ಕೆ ನಿಲ್ಲಿಸಿದರು. "ಬಿಸ್ಕತ್ತು ಕಣ್ರೀ" ಅಂದೆ. "ಹೌದೌದು, ಬಿಸ್ಕತ್ತು" ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ತಿಮ್ಮಪ್ಪನ ಫೋಟೋದ ಆಣೆ ಇಡೋಣ ಅಂದರೆ ಅದಕ್ಕೂ ಅವಕಾಶ ಕೊಡಲಿಲ್ಲ.

ಸ್ವಲ್ಪ ಹೊತ್ತಿಗೆ ಅವರ ಮಗ ಹಿತ್ತಲ ಬಾಗಿಲಿಗೆ ಬಂದ. ಶರಟಿನ ಒಳಗೆ ಸ್ಟೀಲ್ ಡಬ್ಬಿ.

"ಅಪ್ಪ ಕಳಿಸಿದ್ರು ಆಂಟಿ. ಒಂದೇ ಒಂದು ಸೌಟು ಸಾಕಂತೆ. ಅಮ್ಮಂಗೆ ಹೇಳ್ಬೇಡಿ ಅಂದ್ರು."

ಡಬ್ಬಿ ತುಂಬಾ ಕುಕೀ ಹಾಕಿ ಕೊಟ್ಟೆ. ಹುಡುಗ ಮುಚ್ಚಳ ತೆಗೆದು ನೋಡಿದ. ಬೆರಳಲ್ಲಿ ಒಂದೆರಡನ್ನು ಪಕ್ಕಕ್ಕೆ ಸರಿಸಿ ಆಳ ನೋಡಿದ. ಆಮೇಲೆ ನನ್ನ ಮುಖ ನೋಡಿದ.

"ಪೀಸ್ ಕೆಳಗಿದಾವಾ ಆಂಟಿ?"